ಸ್ಪ್ಯಾನಿಷ್‌ನ ‘ದೆಸಪರೆಸೀದೊ’ ಇಂಗ್ಲಿಷಿನಲ್ಲಿ ಬರೀ ‘ಮಿಸ್ಸಿಂಗ್’ ಆಗಬಹುದೇ?

ಪದಯಾತ್ರಿ, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡುತ್ತಿದ್ದೇನೆ. ಹೆಚ್ಚಾಗಿ ಯಂತ್ರಗಳ ಕೈಪಿಡಿ, ಔಷಧಿ ಕಂಪನಿಗಳ ಕಾಗದಪತ್ರ. ಈ ಸಲ ಮೆಕ್ಸಿಕೋದಿಂದ ಒಂದು ವರದಿ ಬಂದಿದೆ. ಮಕ್ಕಳನ್ನು ಕಳೆದುಕೊಂಡು, ತಾವೇ ಸಲಿಕೆ ಹಿಡಿದು ಬಯಲುಗಳಲ್ಲಿ ನೆಲ ಅಗೆದು ಹುಡುಕುತ್ತಿರುವ ತಾಯಂದಿರ ಮಾತುಗಳನ್ನು ಒಂದೆಡೆ ಸೇರಿಸಿದ ವರದಿ.

ಅದರಲ್ಲಿ ಒಬ್ಬ ತಾಯಿ ಹೇಳುತ್ತಾಳೆ: ‘ಆ ಮಿ ಇಹೊ ಲೊ ದೆಸಪರೆಸಿಯೆರೊನ್.’ ನಮ್ಮ ಮಾತಿನಲ್ಲಿ ‘ನನ್ನ ಮಗನನ್ನು ಕಾಣೆ ಮಾಡಿದರು’. ನಾನು ‘ದೇ ಡಿಸಪಿಯರ್ಡ್ ಮೈ ಸನ್’ ಎಂದು ಬರೆದೆ. ಪರಿಷ್ಕರಣೆಗೆ ಹೋಗಿ ವಾಪಸ್ ಬಂದ ಪ್ರತಿಯಲ್ಲಿ ಅದು ‘ಮೈ ಸನ್ ವೆಂಟ್ ಮಿಸ್ಸಿಂಗ್’ ಆಗಿದೆ. ಪಕ್ಕದಲ್ಲಿ ‘ವ್ಯಾಕರಣ ಸರಿಪಡಿಸಲಾಗಿದೆ’ ಎಂಬ ಟಿಪ್ಪಣಿ. ಒಂದು ಕಡೆ ಅಲ್ಲ, ‘ದೆಸಪರೆಸೀದೊ’ (ಕಾಣೆಯಾದವ) ಎಂದು ಇದ್ದಲ್ಲೆಲ್ಲ ‘ಮಿಸ್ಸಿಂಗ್ ಪರ್ಸನ್’ ಎಂದು ತಿದ್ದಿದ್ದಾರೆ.

ಓದಿ ರಾತ್ರಿ ನಿದ್ದೆ ಬರಲಿಲ್ಲ. ಸಂತೆಯಲ್ಲಿ ಕೈತಪ್ಪಿದ ಮಗುವೂ ಮಿಸ್ಸಿಂಗ್, ಬಂದೂಕು ತೋರಿಸಿ ಗಾಡಿ ಹತ್ತಿಸಿಕೊಂಡು ಹೋದ ಹುಡುಗನೂ ಮಿಸ್ಸಿಂಗ್. ಆ ತಾಯಿ ‘ಮಾಡಿದರು’ ಎಂದಳು. ಇಂಗ್ಲಿಷಿನಲ್ಲಿ ಅವಳ ಮಗ ತಾನಾಗಿಯೇ ಎಲ್ಲೋ ಹೋಗಿಬಿಟ್ಟಿದ್ದಾನೆ.

ಸೋಮವಾರದೊಳಗೆ ಉತ್ತರ ಕೊಡಬೇಕು. ‘ನನಗೆ ಹಾಗನ್ನಿಸುತ್ತದೆ’ ಎಂದರೆ ಯಾರೂ ಒಪ್ಪುವುದಿಲ್ಲ. ಗಟ್ಟಿ ಆಧಾರ ಬೇಕು. ರಾಜಕೀಯ, ಸಮಾಜಶಾಸ್ತ್ರದ ಪದಗಳ ಜೊತೆ ಒದ್ದಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ.

ಹೊಸ ವಿದ್ಯಾರ್ಥಿ, ಮೈಸೂರು:

ಮೇಡಂ, ನಾನು ಸ್ಪ್ಯಾನಿಷ್ ಕಲಿಯಲು ಶುರು ಮಾಡಿ ಎರಡು ವರ್ಷ. ಒಂದು ಪ್ರಶ್ನೆ ಕೇಳಬಹುದಾ? ‘ಡಿಸಪಿಯರ್’ ಅಕರ್ಮಕ ಧಾತು ಅಲ್ಲವಾ? ಶಾಲೆಯಲ್ಲಿ ‘ದೇ ಡಿಸಪಿಯರ್ಡ್ ಹಿಮ್’ ಎಂದು ಬರೆದಿದ್ದರೆ ಕೆಂಪು ಗೆರೆ ಬೀಳುತ್ತಿತ್ತು. ಪರಿಷ್ಕರಣೆ ಮಾಡಿದವರೂ ಅದನ್ನೇ ಮಾಡಿರಬಹುದು.

ಧಾರವಾಡದ ಮೇಷ್ಟ್ರು:

ತಮ್ಮಾ, ಪ್ರಶ್ನೆ ಛಲೋ ಕೇಳಿದಿ. ಸ್ಪ್ಯಾನಿಷಿನಾಗೂ ‘ದೆಸಪರೆಸೆರ್’ ಮೂಲದಾಗ ಅಕರ್ಮಕನ. ‘ಚಂದ್ರ ಮೋಡದೊಳಗೆ ಕಾಣೆಯಾದ’ ಅಂತ ಹೇಳೂವಾಗ ಬರೋ ಮಾತು ಅದು. ಅದಕ್ಕ ಕರ್ಮಪದ ಅಂಟಿಸಿದ್ದು ವ್ಯಾಕರಣದ ಪಂಡಿತರಲ್ಲ, ಜನ. ಯಾಕ ಅಂಟಿಸಬೇಕಾತು ಅನ್ನೋದನ್ನ ಸ್ವಲ್ಪ ವಿಸ್ತಾರವಾಗಿ ಬರೀತೇನಿ. ನಾನು ಮೂವತ್ತು ವರ್ಷ ರಾಜ್ಯಶಾಸ್ತ್ರ ಕಲಿಸಿದವ, ಲ್ಯಾಟಿನ್ ಅಮೆರಿಕದ ಪಾಠ ಮಾಡೂವಾಗೆಲ್ಲ ಈ ಪದದ ಹತ್ತಿರ ನಿಂತು ಮುಂದೆ ಹೋಗ್ತಿದ್ದೆ.

ಅರ್ಜೆಂಟೀನಾದಲ್ಲಿ 1976ರ ಮಾರ್ಚ್ 24ರಂದು ಮೂರೂ ಸೇನಾಪಡೆಗಳ ಮುಖ್ಯಸ್ಥರು ಸೇರಿ ಅಧಿಕಾರ ಕಿತ್ತುಕೊಂಡರು. ಮುಂದಿನ ಏಳು ವರ್ಷ ಸೈನ್ಯದ ಆಳ್ವಿಕೆ. ರಾತ್ರಿ ಮನೆಗೆ ನುಗ್ಗೋದು, ಕಣ್ಣಿಗೆ ಬಟ್ಟೆ ಕಟ್ಟಿ ಒಯ್ಯೋದು, ಗುಪ್ತ ಠಾಣೆಗಳಲ್ಲಿ ಇಟ್ಟು ಹಿಂಸೆ ಕೊಡೋದು, ಆಮೇಲೆ ‘ನಮಗೇನೂ ಗೊತ್ತಿಲ್ಲ’ ಅನ್ನೋದು. ಹೆಣ ಇಲ್ಲ, ಬಂಧನದ ದಾಖಲೆ ಇಲ್ಲ, ಕೇಸು ಇಲ್ಲ. 1979ರಲ್ಲಿ ಪತ್ರಕರ್ತರು ಕೇಳಿದಾಗ ಆ ಸೈನಿಕ ಸರ್ಕಾರದ ಮುಖ್ಯಸ್ಥ ಜನರಲ್ ವಿದೇಲಾ ಹೇಳಿದ್ದು ಇಷ್ಟ: ದೆಸಪರೆಸೀದೊ ಅಂದರೆ ಸತ್ತವನೂ ಅಲ್ಲ, ಬದುಕಿದವನೂ ಅಲ್ಲ, ಅವನು ದೆಸಪರೆಸೀದೊ. ಅಧಿಕಾರದಲ್ಲಿದ್ದವರಿಗೆ ಅಕರ್ಮಕ ಕ್ರಿಯಾಪದ ಎಷ್ಟು ಅನುಕೂಲ ಆತು ನೋಡ್ರಿ. ಕಾಣೆಯಾದ ಅಂದರೆ ಮುಗೀತು, ಮಾಡಿದವರೇ ಇಲ್ಲ.

1977ರ ಏಪ್ರಿಲ್ 30ಕ್ಕೆ ತಾಯಂದಿರು ಬ್ಯೂನಸ್ ಐರಿಸ್‌ನ ಮಾಯೊ ಚೌಕದಲ್ಲಿ ಸೇರಿದರು. ಮುಂದೆ ತಲೆಗೆ ಬಿಳಿ ವಸ್ತ್ರ ಕಟ್ಟಿ ಗುರುವಾರ ಗುರುವಾರ ಸುತ್ತು ಹಾಕಿದರು. ಅವರ ಬೇಡಿಕೆ ‘ಅಪರಿಸಿಯೋನ್ ಕೊನ್ ವೀದಾ’. ‘ದೆಸಪರಿಸಿಯೋನ್’ ಅನ್ನೋ ಪದದ ಮುಂದಿನ ‘ದೆಸ್’ ಕಿತ್ತು ಒಗೆದು ಕಟ್ಟಿದ ಕೂಗು ಅದು. ನೀವು ಕಾಣೆ ಮಾಡಿದಿರಿ, ನೀವೇ ಜೀವಂತ ಕಾಣಿಸಿ. 1983ರ ಕೊನೆಗೆ ಪ್ರಜಾಪ್ರಭುತ್ವ ಮರಳಿದ ಮೇಲೆ ಲೇಖಕ ಎರ್ನೆಸ್ತೊ ಸಾಬಾತೊ ಅಧ್ಯಕ್ಷತೆಯ ಆಯೋಗ ತನಿಖೆ ನಡೆಸಿ, 1984ರ ವರದಿಯಲ್ಲಿ 8,961 ಮಂದಿಯ ಪ್ರಕರಣ ದಾಖಲಿಸಿತು. ಮಾನವ ಹಕ್ಕು ಸಂಘಟನೆಗಳು ಹೇಳುವ ಸಂಖ್ಯೆ 30,000. ಇಂಗ್ಲಿಷಿಗೆ ‘ದ ಡಿಸಪಿಯರ್ಡ್’ ಎಂಬ ನಾಮಪದ ಊರಿದ್ದು ಈ ಕಾಲದ ಸುದ್ದಿಗಳಿಂದ. ಇವತ್ತು ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲೆಲ್ಲ ‘ಡಿಸಪಿಯರ್’ಗೆ ಸಕರ್ಮಕ ಅರ್ಥ ಕೊಟ್ಟಿದ್ದಾರೆ. ಪದಯಾತ್ರಿ ತಂಗೀ, ಮೊದಲು ಆ ಪುಟ ತೆಗೆದು ಕಳಿಸು. ‘ವ್ಯಾಕರಣ’ ಅನ್ನೋ ಆಕ್ಷೇಪ ಅಲ್ಲಿಗೇ ಬಿದ್ದುಹೋಗ್ತದ.

ಇನ್ನೊಂದು ಮಾತು. ನಮಗ ಕನ್ನಡದವರಿಗೆ ಆ ತಾಯಿಯ ವಾಕ್ಯ ಸಲೀಸಾಗಿ ಅರ್ಥ ಆಗಲಿಕ್ಕೆ ಕಾರಣ ಅದ. ಸ್ಪ್ಯಾನಿಷಿನ ‘ದೆಸಪರೆಸಿಯೆರೊನ್’ ಒಳಗೆ ‘ಅವರು’ ಅನ್ನೋ ಪದ ಇಲ್ಲ, ಪ್ರತ್ಯಯದಾಗ ಅಡಗೇದ. ನಮ್ಮ ‘ಮಾಡಿದರು’ ಹಂಗ. ಯಾರು ಅಂತ ಹೆಸರು ಹೇಳಲಿಕ್ಕೆ ಹೆದರಿಕೆ, ಆದರೂ ಯಾರೋ ಮಾಡಿದ್ದು ಅನ್ನೋದು ಖಂಡಿತ. ಆ ಎರಡೂ ಒಂದೇ ಪ್ರತ್ಯಯದಾಗ ಬರ್ತದ. ಇಂಗ್ಲಿಷಿಗೆ ಆ ಸೌಲಭ್ಯ ಇಲ್ಲ. ‘ದೇ’ ಅಂತ ಬಾಯಿಬಿಟ್ಟು ಹೇಳಬೇಕು, ಇಲ್ಲ ‘ವಾಸ್ ಡಿಸಪಿಯರ್ಡ್’ ಅಂತ ಕರ್ಮಣಿ ಮಾಡಬೇಕು. ನೀನು ‘ದೇ’ ಆರಿಸಿಕೊಂಡಿದ್ದು ಸರಿ.

ಕೋಶದ ಹುಳು, ಪುಣೆ:

ಮೇಷ್ಟ್ರು ಇತಿಹಾಸ ಹೇಳಿದರು. ನಾನು ಕಾನೂನು ದಾಖಲೆಗಳ ಅನುವಾದಕ, ಪರಿಷ್ಕರಣೆಯವರು ತಳ್ಳಿಹಾಕಲಾಗದ ಆಧಾರ ಕೊಡುತ್ತೇನೆ.

ಮೆಕ್ಸಿಕೋದಲ್ಲಿ 2017ರ ನವೆಂಬರ್ 17ರಂದು ಪ್ರಕಟವಾದ, ಕಾಣೆಯಾದವರ ಕುರಿತ ಸಾಮಾನ್ಯ ಕಾಯ್ದೆ ಎರಡು ವರ್ಗ ಮಾಡುತ್ತದೆ. ‘ಪೆರ್ಸೋನಾ ದೆಸಪರೆಸೀದಾ’ ಎಂದರೆ ಎಲ್ಲಿದ್ದಾರೆಂದು ತಿಳಿಯದ, ಅದರ ಹಿಂದೆ ಅಪರಾಧವಿದೆ ಎಂದು ಯಾವುದಾದರೂ ಸುಳಿವಿನಿಂದ ಊಹಿಸಬಹುದಾದ ವ್ಯಕ್ತಿ. ‘ಪೆರ್ಸೋನಾ ನೊ ಲೊಕಲಿಸಾದಾ’ ಎಂದರೆ ಎಲ್ಲಿದ್ದಾರೆಂದು ತಿಳಿಯದ, ಆದರೆ ಇರುವ ಮಾಹಿತಿಯಲ್ಲಿ ಅಪರಾಧದ ನಂಟು ಕಾಣದ ವ್ಯಕ್ತಿ. ಸರ್ಕಾರದ ದಾಖಲಾತಿಯ ಹೆಸರಿನಲ್ಲೇ ಎರಡೂ ಪದಗಳಿವೆ. 2022ರ ಮೇನಲ್ಲಿ ಆ ಪಟ್ಟಿ ಒಂದು ಲಕ್ಷ ದಾಟಿತು.

ಈಗ ಯೋಚಿಸಿ. ಎರಡಕ್ಕೂ ‘ಮಿಸ್ಸಿಂಗ್’ ಹಾಕಿದರೆ ವರದಿಯ ಕೋಷ್ಟಕಗಳ ಗತಿಯೇನು? ಒಂದೇ ತಲೆಬರಹದ ಎರಡು ಕಂಬಸಾಲು! ‘ಮಿಸ್ಸಿಂಗ್’ ಪದವನ್ನು ‘ನೊ ಲೊಕಲಿಸಾದಾ’ಕ್ಕೆ ಕಾದಿಡಿ, ‘ಡಿಸಪಿಯರ್ಡ್’ ಅನ್ನು ‘ದೆಸಪರೆಸೀದಾ’ಕ್ಕೆ ಕೊಡಿ. ಇದು ಅಭಿರುಚಿಯ ಮಾತಲ್ಲ, ಕಾಯ್ದೆಯ ವ್ಯಾಖ್ಯಾನ.

‘ದೆಸಪರಿಸಿಯೋನ್ ಫೊರ್ಸಾದಾ’ ಬಂದರೆ ಇನ್ನೂ ಹುಷಾರು. ಸ್ಪ್ಯಾನಿಷಿನಲ್ಲಿ ಒಂದೇ ಪದ, ಇಂಗ್ಲಿಷಿನಲ್ಲಿ ಎರಡು ಒಪ್ಪಂದ, ಎರಡು ರೂಪ. ಬ್ರೆಜಿಲ್‌ನ ಬೆಲೆಂನಲ್ಲಿ 1994ರಲ್ಲಾದ ಅಮೆರಿಕ ಖಂಡದ ರಾಷ್ಟ್ರಗಳ ಒಪ್ಪಂದ ‘ಫೋರ್ಸ್ಡ್’ ಎನ್ನುತ್ತದೆ. ವಿಶ್ವಸಂಸ್ಥೆಯ 2006ರ ಒಪ್ಪಂದ ‘ಎನ್‌ಫೋರ್ಸ್ಡ್’ ಎನ್ನುತ್ತದೆ. ಸರ್ಕಾರದ ಜನ, ಅಥವಾ ಸರ್ಕಾರದ ಅನುಮತಿ, ಬೆಂಬಲ, ಮೌನಸಮ್ಮತಿ ಇರುವವರು ಒಯ್ದು, ಒಯ್ದಿಲ್ಲ ಎಂದು ನಿರಾಕರಿಸಿದರೆ ಅಥವಾ ಎಲ್ಲಿದ್ದಾರೆಂದು ಮುಚ್ಚಿಟ್ಟರೆ ಮಾತ್ರ ವಿಶ್ವಸಂಸ್ಥೆಯ ವ್ಯಾಖ್ಯಾನದೊಳಗೆ ಬರುತ್ತದೆ. ಭಾರತ ಅದಕ್ಕೆ 2007ರಲ್ಲಿ ಸಹಿ ಹಾಕಿದೆ, ಅನುಮೋದಿಸಿಲ್ಲ.

ಪದಯಾತ್ರಿ:

ಮೇಷ್ಟ್ರೇ, ಹುಳು ಸರ್, ಕೈಮುಗಿದೆ. ಕೋಷ್ಟಕದ ವಿಷಯ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಈಗ ತೆಗೆದು ನೋಡಿದೆ. 31ನೇ ಪುಟದಲ್ಲಿ ಎರಡು ಕಂಬಸಾಲಿಗೂ ‘ಮಿಸ್ಸಿಂಗ್’ ಎಂದೇ ತಲೆಬರಹವಿದೆ. ಒಂದರ ಕೆಳಗೆ ದೊಡ್ಡ ಸಂಖ್ಯೆ, ಇನ್ನೊಂದರ ಕೆಳಗೆ ಸಣ್ಣದು. ಓದುವವರಿಗೆ ತಲೆಬುಡ ತಿಳಿಯುವುದಿಲ್ಲ.

ಇದೇ ವರದಿಯಲ್ಲಿ ಇನ್ನಷ್ಟು ಪದ ತೊಡಕಾಗಿವೆ: ‘ಕಸೀಕೆ’, ‘ಕಾಂಪೆಸೀನೊ’, ‘ಎಹೀದೊ’, ‘ಕೊಂಪ್ರೊಮೀಸೊ’. ಒಂದೊಂದಕ್ಕೂ ನಿಘಂಟು ನಾಲ್ಕು ನಾಲ್ಕು ಅರ್ಥ ಕೊಟ್ಟು ಕೈ ತೊಳೆದುಕೊಳ್ಳುತ್ತದೆ.

ಮ್ಯಾಡ್ರಿಡ್ ಕನ್ನಡತಿ:

‘ಕೊಂಪ್ರೊಮೀಸೊ’ ಸುಲಭದ್ದು, ಆದರೆ ಅನಾಹುತ ಮಾಡುವಂಥದ್ದು. ಕೇಳಲು ಇಂಗ್ಲಿಷಿನ ‘ಕಾಂಪ್ರಮೈಸ್’ ಥರ, ಅರ್ಥ ಮಾತ್ರ ‘ಕೊಟ್ಟ ಮಾತು, ಬದ್ಧತೆ’. ‘ಸರ್ಕಾರದ ಕೊಂಪ್ರೊಮೀಸೊ’ ಎಂಬುದನ್ನು ಸರ್ಕಾರದ ರಾಜಿ ಎಂದು ಬರೆದರೆ ಅರ್ಥ ತಲೆಕೆಳಗು. ‘ಎವೆಂತುಆಲ್‌ಮೆಂತೆ’ ಕೂಡ ಹಾಗೇ. ಇಂಗ್ಲಿಷಿನ ‘ಇವೆಂಚುಅಲಿ’ಯಂತೆ ‘ಕೊನೆಗೂ’ ಅಲ್ಲ, ‘ಒಂದುವೇಳೆ’.

ನನ್ನನ್ನು ಹೆಚ್ಚು ಕಾಡಿದ್ದು ‘ಹುಂತಾ’, ಇಂಗ್ಲಿಷಿನವರ ‘ಜುಂಟಾ’. ಇಲ್ಲಿಗೆ ಬಂದ ಮೊದಲ ತಿಂಗಳು ನಮ್ಮ ಕಟ್ಟಡದ ಲಿಫ್ಟಿನಲ್ಲಿ ಚೀಟಿ ಅಂಟಿಸಿದ್ದರು: ಗುರುವಾರ ಸಂಜೆ ಏಳಕ್ಕೆ ಹುಂತಾ. ಇಂಗ್ಲಿಷ್ ಪತ್ರಿಕೆ ಓದಿ ಬೆಳೆದ ನನಗೆ ಹುಂತಾ ಎಂದರೆ ಸಮವಸ್ತ್ರ ತೊಟ್ಟ ಜನರಲ್‌ಗಳು. ಇಲ್ಲಿ ಅದು ಮನೆ ಮಾಲೀಕರ ಸಭೆ, ನೀರಿನ ಪೈಪ್ ರಿಪೇರಿ ಖರ್ಚು ಹಂಚಿಕೊಳ್ಳಲು. ಸೇರುವುದು, ಕೂಡುವುದು ಎಂಬ ಮೂಲದ ಪದ. ಆಂದಲೂಸಿಯಾ ಪ್ರಾಂತ್ಯದ ಚುನಾಯಿತ ಆಡಳಿತದ ಹೆಸರೇ ‘ಹುಂತಾ ದೆ ಆಂದಲೂಸಿಯಾ’. ಚುನಾವಣೆ ನೋಡಿಕೊಳ್ಳುವ ಮಂಡಳಿಯೂ ಹುಂತಾ. ನೆಪೋಲಿಯನ್ ಸೈನ್ಯ ನುಗ್ಗಿದಾಗ 1808ರಲ್ಲಿ ಊರೂರಲ್ಲಿ ಜನ ಕಟ್ಟಿಕೊಂಡ ಮಂಡಳಿಗಳೂ ಹುಂತಾಗಳೇ. ಇಂಗ್ಲಿಷ್ ಇದರಲ್ಲಿ ಒಂದೇ ಒಂದು ಅರ್ಥ ಎತ್ತಿಕೊಂಡು ಹೋಯಿತು, ಅದೂ ಅತಿ ಕೆಟ್ಟದ್ದನ್ನು. ಹಾಗಾಗಿ ಆಂದಲೂಸಿಯಾದ್ದನ್ನು ‘ರೀಜನಲ್ ಗವರ್ನಮೆಂಟ್’ ಎಂದು, 1976ರ ಅರ್ಜೆಂಟೀನಾದ್ದನ್ನು ‘ಜುಂಟಾ’ ಎಂದು ಬರೆಯುವುದೇ ಸರಿ. ಒಂದೇ ಪದಕ್ಕೆ ಒಂದೇ ಪದ ಎಂದು ಹಠ ಹಿಡಿದರೆ ಕೆಡುತ್ತದೆ.

ಸ್ಪೇನಿನ 1978ರ ಸಂವಿಧಾನದ ಎರಡನೇ ವಿಧಿಯಲ್ಲಿ ‘ನಾಸಿಯೊನಾಲಿದಾದೆಸ್ ಮತ್ತು ಪ್ರಾಂತ್ಯಗಳು’ ಎಂದಿದೆ. ಅಧಿಕೃತ ಇಂಗ್ಲಿಷ್ ಪಠ್ಯ ಅದನ್ನು ‘ನ್ಯಾಷನಾಲಿಟೀಸ್’ ಎಂದೇ ಇಟ್ಟಿದೆ. ಇಂಗ್ಲಿಷ್ ಓದುಗನಿಗೆ ನ್ಯಾಷನಾಲಿಟಿ ಎಂದರೆ ಪಾಸ್‌ಪೋರ್ಟಿನಲ್ಲಿರುವುದು. ಸ್ಪೇನಿನಲ್ಲಿ ಅದು ಕೆತಲಾನ್, ಬಾಸ್ಕ್, ಗಲೀಸಿಯಾ ಜನರಿಗೆ ‘ರಾಷ್ಟ್ರ’ ಎನ್ನದೆ, ‘ಪ್ರಾಂತ್ಯ’ ಎಂದೂ ಇಳಿಸದೆ ಹುಡುಕಿಕೊಂಡ ನಡುದಾರಿ. ಈ ಪದಗಳಿಗೆ ಎಷ್ಟು ತೂಕ ಎಂದರೆ, ಕೆತಲೋನಿಯಾದ ಸ್ವಾಯತ್ತತೆಯ ಶಾಸನದ ಪೀಠಿಕೆಯಲ್ಲಿದ್ದ ‘ರಾಷ್ಟ್ರ’ ಎಂಬ ಪದಕ್ಕೆ ಕಾನೂನಿನ ಬಲವಿಲ್ಲ ಎಂದು ಸಾಂವಿಧಾನಿಕ ನ್ಯಾಯಾಲಯ 2010ರಲ್ಲಿ ಹೇಳಿದಾಗ ಬಾರ್ಸಿಲೋನಾದ ಬೀದಿಗಳು ಜನರಿಂದ ತುಂಬಿದ್ದವು. ಇಲ್ಲಿ ನಾನು ಅಧಿಕೃತ ಪದವನ್ನೇ ಉಳಿಸಿ ಕೆಳಗೆ ಎರಡು ಸಾಲು ವಿವರಣೆ ಹಾಕುತ್ತೇನೆ. ಬೇರೆ ದಾರಿ ಕಂಡಿಲ್ಲ.

ನೇರ ಮಾತು, ಶಿವಮೊಗ್ಗ:

ಎಲ್ಲರ ಬಗ್ಗೆಯೂ ಗೌರವವಿದೆ, ಆದರೂ ಒಂದು ಮಾತು ಹೇಳಲೇಬೇಕು. ಇಪ್ಪತ್ತು ವರ್ಷ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ವಿಭಾಗದಲ್ಲಿದ್ದೆ. ಓದುಗ ಮೂರನೇ ಸಾಲಿನಲ್ಲಿ ಎಡವಿದರೆ ನಾಲ್ಕನೇ ಸಾಲಿಗೆ ಬರುವುದಿಲ್ಲ. ‘ದೇ ಡಿಸಪಿಯರ್ಡ್ ಮೈ ಸನ್’ ಓದಿದ ಹತ್ತರಲ್ಲಿ ನಾಲ್ವರು ಅಚ್ಚಿನ ತಪ್ಪು ಎಂದುಕೊಳ್ಳುತ್ತಾರೆ. ‘ದೇ ಟುಕ್ ಮೈ ಸನ್’ ಎಂದು ಬರೆಯಬಹುದಲ್ಲ? ಮಾಡಿದವರೂ ಇದ್ದಾರೆ, ಇಂಗ್ಲಿಷೂ ಸರಾಗ. ಪರಿಷ್ಕರಣೆಯವರನ್ನು ಶತ್ರುಗಳಂತೆ ನೋಡಬೇಡಿ.

ಹಾಗೆಯೇ ಪ್ರತಿ ಪುಟದಲ್ಲೂ ಓರೆ ಅಕ್ಷರದಲ್ಲಿ ಸ್ಪ್ಯಾನಿಷ್ ಪದ ಬಿಡುವುದು ಅನುವಾದಕರು ತಮ್ಮ ಹೊಣೆಯನ್ನು ಓದುಗನ ಮೇಲೆ ಹೊರಿಸಿದಂತೆ.

ಪದಯಾತ್ರಿ:

‘ದೇ ಟುಕ್’ ನಾನೂ ಯೋಚಿಸಿದ್ದೆ ಸರ್. ಅದೇ ತಾಯಿ ಎರಡು ವಾಕ್ಯ ಹಿಂದೆ ‘ಸೆ ಲೊ ಯೆವಾರೊನ್’ ಎಂದಿದ್ದಾಳೆ, ಅದು ‘ದೇ ಟುಕ್ ಹಿಮ್’. ಒಯ್ದದ್ದು ಒಂದು ರಾತ್ರಿ ನಡೆದದ್ದು. ಕಾಣೆ ಮಾಡಿದ್ದು ಅಂದಿನಿಂದ ಇವತ್ತಿನವರೆಗೆ ದಿನವೂ ನಡೆಯುತ್ತಿರುವುದು. ಅವಳು ಎರಡು ಬೇರೆ ಪದ ಬಳಸಿದ್ದರಿಂದಲೇ ನನಗೂ ಎರಡು ಬೇಕು. ಮೊದಲ ಸಲ ಬರುವಲ್ಲಿ ಓದುಗ ಎಡವದಂತೆ ಮುನ್ನುಡಿಯಲ್ಲೇ ಹೇಳಿಬಿಡಬೇಕು ಎಂಬ ನಿಮ್ಮ ಕಾಳಜಿ ಮಾತ್ರ ನನಗೆ ಒಪ್ಪಿಗೆ.

ನೇರ ಮಾತು:

ಎರಡು ಕ್ರಿಯಾಪದ ಇದೆ ಎಂದು ಗೊತ್ತಿರಲಿಲ್ಲ. ಹಾಗಾದರೆ ನಿಮ್ಮದೇ ಸರಿ. ಈ ವಾದವನ್ನು ಪತ್ರದಲ್ಲಿ ಮೊದಲು ಬರೆಯಿರಿ.

ಧಾರವಾಡದ ಮೇಷ್ಟ್ರು:

‘ಕಸೀಕೆ’ ವಿಷಯಕ್ಕ ಬರೋಣ. ಕೊಲಂಬಸ್‌ನ ಜನ ಕೆರಿಬಿಯನ್ ದ್ವೀಪಗಳ ತಾಯ್ನೊ ಮಂದಿಯಿಂದ ಎತ್ತಿಕೊಂಡ ಪದ. ಅಲ್ಲಿ ಅದು ಮುಖಂಡ. ವಸಾಹತು ಕಾಲದ ಕಾಗದಗಳಲ್ಲಿ ಕಸೀಕೆ ಅಂದರೆ ವಂಶದ ಹಕ್ಕಿನ ಮೂಲನಿವಾಸಿ ಕುಲೀನ, ಹೆಸರಿನ ಹಿಂದ ‘ದೋನ್’ ಅನ್ನೋ ಗೌರವ. ಅದೇ ಪದ ಹಡಗು ಹತ್ತಿ ಸ್ಪೇನಿಗೆ ಹೋಗಿ 19ನೇ ಶತಮಾನದಾಗ ಊರಿನ ವೋಟು ತನ್ನ ಕಿಸೆದಾಗ ಇಟ್ಟುಕೊಂಡ ದೊಡ್ಡ ಕುಳ ಆತು. ಮ್ಯಾಡ್ರಿಡ್‌ನಾಗ ಕಾನೊವಾಸ್ ಮತ್ತು ಸಗಾಸ್ತಾ ಪಕ್ಷಗಳು ಸರದಿ ಮೇಲೆ ಅಧಿಕಾರ ಹಂಚಿಕೊಳ್ಳತಿದ್ದವು. ಫಲಿತಾಂಶ ಮೊದಲೇ ಗೊತ್ತು, ಅದಕ್ಕ ತಕ್ಕ ವೋಟು ಕೂಡಿಸೋದು ಊರಿನ ಕಸೀಕೆಯ ಕೆಲಸ. ಈ ರೋಗಕ್ಕ ‘ಕಸಿಕೀಸ್ಮೊ’ ಅಂತ ಹೆಸರಿಟ್ಟು ಹೋಆಕೀನ್ ಕೋಸ್ತಾ 1901ರಲ್ಲಿ ಮ್ಯಾಡ್ರಿಡ್‌ನ ಅತೆನೇಒ ಸಂಸ್ಥೆಯಲ್ಲಿ ದೊಡ್ಡ ವಿಚಾರಣೆಯನ್ನೇ ನಡೆಸಿದರು.

ಅಂದಮ್ಯಾಲೆ 1600ರ ಕಾಗದದ ಕಸೀಕೆ ಬ್ಯಾರೆ, 1900ರ ಕಸೀಕೆ ಬ್ಯಾರೆ. ಮೊದಲು ಕಾಗದದ ತಾರೀಖು ನೋಡು, ಆಮೇಲೆ ನಿಘಂಟು ತೆಗಿ. ನಿನ್ನ ವರದಿ ಇವತ್ತಿನದು, ಹಿಂಗಾಗಿ ‘ಲೋಕಲ್ ಬಾಸ್’ ನಡೀತದ. ‘ಕೌದೀಯೊ’, ಅಂದರೆ ದಂಡು ಕಟ್ಟಿ ಆಳೋ ನಾಯಕ, ಅನ್ನೋ ಪದ ಬಂದರ ಮಾತ್ರ ಹಂಗ ಬಿಡು. ಅದಕ್ಕ ಕುದುರೆ, ಸೈನ್ಯ, ನಿಷ್ಠೆಯ ಹಿಂಬಾಲಕರು ಎಲ್ಲ ಅಂಟಿಕೊಂಡಾವ. ಬ್ಯೂನಸ್ ಐರಿಸ್ ಆಳಿದ ರೋಸಾಸ್‌ನಿಂದ ಹಿಡಿದು, ನಾಣ್ಯದ ಮೇಲೆ ‘ದೇವರ ಕೃಪೆಯಿಂದ ಸ್ಪೇನಿನ ಕೌದೀಯೊ’ ಅಂತ ಟಂಕಿಸಿಕೊಂಡ ಫ್ರಾಂಕೊ ತನಕ. ‘ಸ್ಟ್ರಾಂಗ್‌ಮ್ಯಾನ್’ ಅಂದರೆ ಇದ್ಯಾವುದೂ ಬರೂದಿಲ್ಲ.

ನೇರ ಮಾತು:

ಇಲ್ಲಿ ಮತ್ತೆ ಭಿನ್ನಾಭಿಪ್ರಾಯ, ಮೇಷ್ಟ್ರೇ. ಶಿಕಾಗೋದಲ್ಲಿ ವೋಟು ಕಿಸೆಯಲ್ಲಿಟ್ಟುಕೊಂಡವನನ್ನು ಇಂಗ್ಲಿಷಿನವರು ‘ಬಾಸ್’ ಎಂದರು, ಅವನ ಪಡೆಯನ್ನು ‘ಮಷೀನ್’ ಎಂದರು. ಅದೇ ಕೆಲಸವನ್ನು ಮೆಕ್ಸಿಕೋದವ ಮಾಡಿದಾಗ ಮಾತ್ರ ಓರೆ ಅಕ್ಷರದಲ್ಲಿ ‘ಕಸೀಕೆ’ ಎಂದು ಬಿಟ್ಟರೆ, ಅದು ಅವರ ನೆಲದ್ದೇ ರೋಗ, ನಮಗೆ ಸಂಬಂಧವಿಲ್ಲ ಎಂಬ ಭಾವನೆ ಓದುಗನಿಗೆ ಬರುತ್ತದೆ. ಪದವನ್ನು ಅನುವಾದಿಸದೆ ಬಿಡುವುದರಲ್ಲೂ ಒಂದು ತೀರ್ಪಿದೆ. ಕೌದೀಯೊಗೂ ಇದೇ ಮಾತು.

ಧಾರವಾಡದ ಮೇಷ್ಟ್ರು:

ಮಾತಿನಾಗ ತೂಕ ಅದ. ಕಸೀಕೆಗೆ ಪೂರಾ ಒಪ್ಪಿದೆ. ಕೌದೀಯೊಗೆ ಒಪ್ಪೂದಿಲ್ಲ, ಫ್ರಾಂಕೊ ಅದನ್ನ ಬಿರುದಾಗಿ ಧರಿಸಿದವ. ಬಿರುದನ್ನ ಅನುವಾದ ಮಾಡೂದಿಲ್ಲ.

ಹಸಿರು ಶಾಲು, ಚಾಮರಾಜನಗರ:

ಪದಯಾತ್ರಿ ಅವರೇ, ನನಗೆ ಸ್ಪ್ಯಾನಿಷ್ ಬರಲ್ಲ. ಆದ್ರೆ ‘ಕಾಂಪೆಸೀನೊ’ ಪದ ನಮ್ಮ ಮನೆ ಮಾತು ಕಣವ್ವ. ನಮ್ಮ ರಾಜ್ಯ ರೈತ ಸಂಘ ‘ಲಾ ವೀಆ ಕಾಂಪೆಸೀನಾ’ದ ಸದಸ್ಯ ಸಂಘಟನೆ. 1993ರಲ್ಲಿ ಬೆಲ್ಜಿಯಂನ ಮೋನ್ಸ್ ಊರಲ್ಲಿ ಹುಟ್ಟಿದ, ಹಲವು ದೇಶಗಳ ರೈತರ ಒಕ್ಕೂಟ ಅದು. ನಂಜುಂಡಸ್ವಾಮಿ ಮೇಷ್ಟ್ರ ಕಾಲದಲ್ಲಿ, 1999ರಲ್ಲಿ, ನಮ್ಮೋರು ನೂರಾರು ಜನ ಯುರೋಪಿಗೆ ಹೋಗಿ ಊರೂರು ಸುತ್ತಿ ಪ್ರತಿಭಟನೆ ಮಾಡಿ ಬಂದ್ರು. ನಮ್ಮ ಜಿಲ್ಲೆಯ ಅಮೃತ ಭೂಮಿ ಕೃಷಿ ಕೇಂದ್ರಕ್ಕೆ ಈಗಲೂ ಹೊರದೇಶದ ರೈತರು ಬರ್ತಾರೆ.

ಅಲ್ಲಿ ಭಾಷಾಂತರ ಮಾಡೋರು ಒಂದ್ಸಲ ಹೇಳಿದ್ರು. ಒಕ್ಕೂಟದ ಹೆಸರನ್ನ ಇಂಗ್ಲಿಷಿಗೆ ತಿರುಗಿಸದೆ ಹಂಗೇ ಬಿಟ್ಟವ್ರೆ, ಯಾಕಂದ್ರೆ ‘ಪೆಸೆಂಟ್’ ಅನ್ನೋದು ಇಂಗ್ಲಿಷಿನಲ್ಲಿ ಬೈಗುಳದಂಗೆ ಕೇಳುತ್ತೆ, ಒರಟ, ತಿಳಿವಳಿಕೆ ಇಲ್ದೋನು ಅಂತ. ‘ಫಾರ್ಮರ್’ ಅಂದ್ರೆ ಟ್ರ್ಯಾಕ್ಟರು, ಸಾವಿರ ಎಕರೆ. ಕಾಂಪೆಸೀನೊ ಇವೆರಡೂ ಅಲ್ಲ. ಕಾಂಪೊ ಅಂದ್ರೆ ಹೊಲ, ಹಳ್ಳಿಗಾಡು. ಅಲ್ಲಿ ಬಾಳೋನು ಕಾಂಪೆಸೀನೊ. ಒಂದೆಕರೆ ಇದ್ರೂ ಸೈ, ಇಲ್ದೆ ಕೂಲಿ ಮಾಡಿದ್ರೂ ಸೈ.

ನಮ್ಮ ‘ರೈತ’ ಪದಕ್ಕೂ ಇದೇ ಕಥೆ ಅಲ್ವಾ? ಅರಬ್ಬಿಯಿಂದ ಬಂದದ್ದು, ಮೊದಲು ಕಂದಾಯ ಕಟ್ಟೋ ಪ್ರಜೆ ಅಂತ ಅರ್ಥ. ಬಗ್ಗಿ ನಿಲ್ಲೋನ ಹೆಸರು ಅದು. ಚಳವಳಿ ಅದನ್ನ ಎತ್ತಿ ಶಾಲು ಹೊದಿಸ್ತು. ಈಗ ಯಾರಾದ್ರೂ ರೈತ ಅಂದ್ರೆ ನಾನು ಎದೆ ಎತ್ತಿ ‘ಹೌದು’ ಅಂತೀನಿ. ಪೆಸೆಂಟ್ ಪದಕ್ಕೂ ಅದನ್ನೇ ಮಾಡ್ತಾವ್ರೆ. ವಿಶ್ವಸಂಸ್ಥೆಯಲ್ಲಿ 2018ರ ಡಿಸೆಂಬರ್‌ನಲ್ಲಿ ಆದ ಘೋಷಣೆಯ ಇಂಗ್ಲಿಷ್ ಹೆಸರಲ್ಲೇ ‘ಪೆಸೆಂಟ್ಸ್’ ಹಕ್ಕು ಅಂತ ಐತೆ. ನಾಚಿಕೆ ಬಿಟ್ಟು ಬರೀರಿ.

ಕೋಶದ ಹುಳು:

ಹಸಿರು ಶಾಲು ಅಣ್ಣನವರು ಹೇಳಿದ್ದು ಒಪ್ಪತಕ್ಕದ್ದು. ಒಂದು ಎಚ್ಚರಿಕೆ ಸೇರಿಸುತ್ತೇನೆ. ಆಂಡೀಸ್ ಸೀಮೆಯಲ್ಲಿ ಕಾಂಪೆಸೀನೊ ಪದದ ಹೊಟ್ಟೆಯಲ್ಲಿ ಇನ್ನೊಂದು ಪದ ಅಡಗಿದೆ. ಪೆರುವಿನಲ್ಲಿ ಜೂನ್ 24 ‘ಇಂದಿಯೊ ದಿನ’, ಅಂದರೆ ಮೂಲನಿವಾಸಿಗಳ ದಿನವಾಗಿತ್ತು. 1969ರಲ್ಲಿ ದೇಶವನ್ನು ಆಳುತ್ತಿದ್ದ ಜನರಲ್ ವೆಲಾಸ್ಕೊ ಅದೇ ದಿನ ಭೂಸುಧಾರಣೆ ಘೋಷಿಸಿ, ಅದನ್ನು ‘ಕಾಂಪೆಸೀನೊ ದಿನ’ ಎಂದು ಬದಲಿಸಿದರು. ‘ಇಂದಿಯೊ’ ಅವಮಾನದ ಪದ, ಇನ್ನು ಬೇಡ ಎಂಬ ಉದ್ದೇಶ. ಮೂಲನಿವಾಸಿ ಸಮುದಾಯಗಳು ಕಾಗದದ ಮೇಲೆ ಕಾಂಪೆಸೀನೊ ಸಮುದಾಯಗಳಾದವು. ಹಾಗಾಗಿ ಪೆರುವಿನ ದಾಖಲೆಯ ಕಾಂಪೆಸೀನೊ ‘ಪೆಸೆಂಟ್’ ಆದರೆ ಅರ್ಧ ಜನ ಕಳೆದುಹೋಗುತ್ತಾರೆ.

ಬೊಲಿವಿಯಾ 2009ರ ಸಂವಿಧಾನದಲ್ಲಿ ‘ಇಂದೀಹೆನಾ ಒರಿಹಿನಾರಿಯೊ ಕಾಂಪೆಸೀನೊ’ ಎಂದು ಮೂರು ಪದಗಳನ್ನು ನಡುವೆ ಅಲ್ಪವಿರಾಮವೂ ಇಲ್ಲದೆ ಒಂದೇ ಎಂಬಂತೆ ಕೂಡಿಸಿತು. ತಗ್ಗುನಾಡಿನವರು ತಮ್ಮನ್ನು ಇಂದೀಹೆನಾ ಎನ್ನುತ್ತಾರೆ, ಎತ್ತರದ ಸೀಮೆಯ ಐಮಾರಾ, ಕೆಚುವಾ ಸಮುದಾಯಗಳು ಒರಿಹಿನಾರಿಯೊ ಎನ್ನುತ್ತವೆ, ರೈತ ಒಕ್ಕೂಟಗಳವರು ಕಾಂಪೆಸೀನೊ ಎನ್ನುತ್ತಾರೆ. ಯಾರೂ ಹೊರಗುಳಿಯಬಾರದೆಂದು ಮೂರನ್ನೂ ಹೊಸೆದರು. ಚಲಾವಣೆಯಲ್ಲಿರುವ ಒಂದು ಇಂಗ್ಲಿಷ್ ಅನುವಾದ ಇದನ್ನು ‘ರೂರಲ್ ನೇಟಿವ್ ಇಂಡಿಜಿನಸ್’ ಎಂದಿದೆ. ನೇಟಿವ್, ಇಂಡಿಜಿನಸ್ ಎರಡೂ ಒಂದೇ ಎಂದು ಓದುಗನಿಗೆ ತೋರುತ್ತದೆ, ಕಾಂಪೆಸೀನೊ ಸವೆದು ಬರೀ ‘ಹಳ್ಳಿಯ’ ಎಂಬ ವಿಶೇಷಣವಾಗಿದೆ. ಅದಕ್ಕಿಂತ ಮೂರು ಪದಗಳನ್ನೂ ಸ್ಪ್ಯಾನಿಷಿನಲ್ಲೇ ಇಟ್ಟು ಒಂದು ಸಲ ವಿವರಿಸುವುದು ಮೇಲು.

‘ಎಹೀದೊ’ ಮೆಕ್ಸಿಕೋದ 1917ರ ಸಂವಿಧಾನದ 27ನೇ ವಿಧಿಯ ಬೆನ್ನಿಗೆ ಬೆಳೆದ ಭೂಮಿಯ ಪದ್ಧತಿ. ಅದನ್ನು ‘ಕಮ್ಯೂನಲ್ ಲ್ಯಾಂಡ್’ ಎನ್ನಬೇಡಿ. ನೆಲ ಎಹೀದೊಗೆ, ಅಂದರೆ ಆ ರೈತರ ಗುಂಪಿಗೆ ಸೇರಿದ್ದು, ಆದರೆ ಬಹಳ ಕಡೆ ಒಂದೊಂದು ಕುಟುಂಬ ತನ್ನ ತುಂಡನ್ನು ತಾನೇ ಉಳುತ್ತದೆ. 1992ರ ತಿದ್ದುಪಡಿ ಬಂದ ಮೇಲೆ ಆ ತುಂಡನ್ನು ಖಾಸಗಿ ಸ್ವತ್ತು ಮಾಡಿಕೊಳ್ಳಲು ದಾರಿಯಾಯಿತು. ಆ ಹೆಸರು ಹಾಗೇ ಇರಲಿ.

ಹೊಸ ವಿದ್ಯಾರ್ಥಿ:

ಸರ್, ಚಿಕ್ಕ ಅನುಮಾನ. ಮೆಕ್ಸಿಕೋದ 2024ರ ಬಜೆಟ್ 9 ‘ಬಿಯೋನ್’ ಪೆಸೊ ದಾಟಿತ್ತು ಎಂದು ಓದಿದೆ. ಇಂಗ್ಲಿಷಿನಲ್ಲಿ 9 ಬಿಲಿಯನ್ ಎಂದರೆ ತೀರಾ ಕಡಿಮೆ ಅಲ್ಲವಾ?

ಕೋಶದ ಹುಳು:

ಸಾವಿರಪಟ್ಟು ಕಡಿಮೆ! ಸ್ಪ್ಯಾನಿಷಿನ ಬಿಯೋನ್ ಅಂದರೆ ಲಕ್ಷ ಕೋಟಿ, ಇಂಗ್ಲಿಷಿನ ಟ್ರಿಲಿಯನ್. ಇಂಗ್ಲಿಷಿನ ಬಿಲಿಯನ್ ಅಂದರೆ ನೂರು ಕೋಟಿ, ಸ್ಪ್ಯಾನಿಷಿನಲ್ಲಿ ‘ಮಿಲ್ ಮಿಯೋನೆಸ್’. ಬ್ರಿಟನ್ ಸರ್ಕಾರವೂ 1974ರವರೆಗೆ ಬಿಲಿಯನ್ ಎಂದರೆ ಲಕ್ಷ ಕೋಟಿ ಎಂದೇ ಲೆಕ್ಕ ಹಿಡಿಯುತ್ತಿತ್ತು, ಹಾಗಾಗಿ ಹಳೇ ಪುಸ್ತಕಗಳಲ್ಲಿ ಇನ್ನೂ ಜೋಪಾನ. ನಾನು ಮೊದಲು ಕೋಟಿಯಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ಹಾಕುತ್ತೇನೆ. ನಮ್ಮ ಲೆಕ್ಕದಲ್ಲಿ ಎಡವಟ್ಟು ತಕ್ಷಣ ಕಣ್ಣಿಗೆ ಹೊಡೆಯುತ್ತದೆ.

ಮ್ಯಾಡ್ರಿಡ್ ಕನ್ನಡತಿ:

ಪದಯಾತ್ರಿ ಅಕ್ಕಾ, ನಿಮ್ಮ ಮೊದಲ ಪ್ರಶ್ನೆಗೆ ಹತ್ತಿರದ ಇನ್ನೊಂದು ಇದೆ. ಕೊಲಂಬಿಯಾದ ‘ಫಾಲ್ಸೊಸ್ ಪೊಸಿತೀವೊಸ್’. ಇಂಗ್ಲಿಷ್ ವರದಿಗಳಲ್ಲಿ ‘ಫಾಲ್ಸ್ ಪಾಸಿಟಿವ್ಸ್’ ಎಂದು ಹಾಕಿಬಿಡುತ್ತಾರೆ, ರಕ್ತಪರೀಕ್ಷೆ ಎಡವಟ್ಟಾದ ಹಾಗೆ ಕೇಳುತ್ತದೆ. ನಡೆದದ್ದೇನು? ಸೈನಿಕರು ಬಡ ಹುಡುಗರನ್ನು ಕೆಲಸ ಕೊಡಿಸುತ್ತೇವೆಂದು ಕರೆದೊಯ್ದು ಕೊಂದು, ಗೆರಿಲ್ಲಾಗಳ ಬಟ್ಟೆ ತೊಡಿಸಿ, ಯುದ್ಧದಲ್ಲಿ ಸತ್ತವರೆಂದು ಲೆಕ್ಕ ತೋರಿಸಿದರು. 2002ರಿಂದ 2008ರ ನಡುವೆ ಕನಿಷ್ಠ 6,402 ಮಂದಿ ಎಂದು ಆ ದೇಶದ ಶಾಂತಿ ನ್ಯಾಯಾಲಯ 2021ರಲ್ಲಿ ಹೇಳಿತು. ಈ ಪದ ಹುಟ್ಟಿದ್ದೇ ಸೈನ್ಯದ ಲೆಕ್ಕದ ಭಾಷೆಯಲ್ಲಿ. ನಾನಾದರೆ ಮೊದಲ ಸಲ ಬಂದಾಗ ‘ಸೈನ್ಯ ಮಾಡಿದ ಕೊಲೆಗಳು’ ಎಂದು ಬಿಡಿಸಿ ಬರೆದೇ ಮುಂದಕ್ಕೆ ಹೋಗುತ್ತೇನೆ.

ಅದೇ ದೇಶದ 2016ರ ಶಾಂತಿ ಒಪ್ಪಂದದಲ್ಲಿ ‘ದೆಹಾಸಿಯೋನ್ ದೆ ಲಾಸ್ ಆರ್ಮಾಸ್’ ಎಂದಿದೆ, ಆಯುಧ ಬಿಟ್ಟಿಡುವುದು. ಒಪ್ಪಿಸುವುದು ಎಂಬ ‘ಎಂತ್ರೇಗಾ’ ಪದಕ್ಕೆ ಬಂಡುಕೋರರು ಒಪ್ಪಲಿಲ್ಲ, ಅದು ಶರಣಾದಂತೆ ಎಂದು. ಅನುವಾದಕರು ‘ಸರೆಂಡರ್’ ಎಂದು ಹಾಕಿದರೆ ನಾಲ್ಕು ವರ್ಷದ ಮಾತುಕತೆ ಒಂದು ಪದದಲ್ಲಿ ಹಾಳು. ‘ಲೇಯಿಂಗ್ ಡೌನ್’ ಎಂದು ನೋಡಿ ಬರೆದವರು ಪುಣ್ಯವಂತರು.

ಸಂಜೆಮಲ್ಲಿಗೆ, ಮಂಗಳೂರು:

ಮಹಿಳಾ ಅಧ್ಯಯನ ಕಲಿಸುವವಳು ನಾನು, ಒಂದು ಪದದ ಸುತ್ತಾಟ ಹೇಳಿ ಹೋಗುತ್ತೇನೆ. 1976ರಲ್ಲಿ ಬ್ರಸೆಲ್ಸ್‌ನ ಮಹಿಳಾ ನ್ಯಾಯಮಂಡಳಿಯಲ್ಲಿ ಡಯಾನಾ ರಸೆಲ್ ‘ಫೆಮಿಸೈಡ್’ ಎಂಬ ಇಂಗ್ಲಿಷ್ ಪದ ಬಳಸಿದರು, ಹೆಣ್ಣು ಎಂಬ ಕಾರಣಕ್ಕೇ ಕೊಲ್ಲುವುದು. ಮೆಕ್ಸಿಕೋದ ಮಾರ್ಸೇಲಾ ಲಗಾರ್ದೆ ಅದನ್ನು ಸ್ಪ್ಯಾನಿಷಿಗೆ ತರುವಾಗ ಬೇಕೆಂದೇ ಒಂದು ಅಕ್ಷರ ಸೇರಿಸಿ ‘ಫೆಮಿನಿಸೀದಿಯೊ’ ಎಂದರು. ‘ಫೆಮಿಸೀದಿಯೊ’ ಎಂದಿದ್ದರೆ ಬರೀ ‘ಹೆಣ್ಣಿನ ಕೊಲೆ’ ಎಂದು ಕೇಳುತ್ತಿತ್ತು. ಕೊಂದವರಿಗೆ ಶಿಕ್ಷೆಯೇ ಆಗದಂತೆ ಬಿಟ್ಟ ಸರ್ಕಾರದ ಹೊಣೆಯೂ ಆ ಪದದೊಳಗೆ ಬರಬೇಕಿತ್ತು. ಸಿಯುದಾದ್ ಹುಆರೆಸ್ ನಗರದ ಹೆಣ್ಣುಮಕ್ಕಳ ಕೊಲೆಗಳನ್ನು ತಡೆಯದೆ, ಸರಿಯಾಗಿ ತನಿಖೆ ಮಾಡದೆ ಬಿಟ್ಟದ್ದಕ್ಕೆ ಮೆಕ್ಸಿಕೋ ಸರ್ಕಾರವೇ ಹೊಣೆ ಎಂದು ಅಂತರ-ಅಮೆರಿಕ ಮಾನವ ಹಕ್ಕು ನ್ಯಾಯಾಲಯ 2009ರಲ್ಲಿ ತೀರ್ಪಿತ್ತಿತು. ಈಗ ಇಂಗ್ಲಿಷಿನವರೇ ಆ ಪದವನ್ನು ವಾಪಸ್ ಪಡೆದು ‘ಫೆಮಿನಿಸೈಡ್’ ಎನ್ನುತ್ತಿದ್ದಾರೆ. ನಿಮ್ಮ ವರದಿಯಲ್ಲಿ ಆ ‘ನಿ’ ಅಕ್ಷರ ಬಂದರೆ ಅದನ್ನು ಕಾಗುಣಿತದ ತಪ್ಪೆಂದು ಯಾರೂ ಅಳಿಸದಂತೆ ನೋಡಿಕೊಳ್ಳಿ.

ಪದಯಾತ್ರಿ:

ಬುಧವಾರ ಬರೆಯುತ್ತಿದ್ದೇನೆ. ಸೋಮವಾರ ಎರಡು ಪುಟದ ಪತ್ರ ಕಳಿಸಿದ್ದೆ. ಮೊದಲು ‘ಒಯ್ದರು, ಕಾಣೆ ಮಾಡಿದರು’ ಎಂಬ ಎರಡು ಕ್ರಿಯಾಪದದ ಮಾತು, ಆಮೇಲೆ 31ನೇ ಪುಟದ ಕೋಷ್ಟಕ, ಆಮೇಲೆ 2017ರ ಕಾಯ್ದೆ, ಕೊನೆಗೆ ನಿಘಂಟು.

ಇವತ್ತು ಉತ್ತರ ಬಂತು. ಕೋಷ್ಟಕ ಸರಿಪಡಿಸಿದ್ದಾರೆ. ವರದಿಯುದ್ದಕ್ಕೂ ‘ಡಿಸಪಿಯರ್ಡ್’ ವಾಪಸ್ ಬಂದಿದೆ. ತಾಯಂದಿರು ಆಡಿದ ಮಾತುಗಳನ್ನು ನಾನು ಬರೆದಂತೆಯೇ ಬಿಡುತ್ತಾರಂತೆ, ಮುನ್ನುಡಿಯಲ್ಲಿ ಒಂದು ಪ್ಯಾರಾ ವಿವರಣೆ ಕೇಳಿದ್ದಾರೆ. ಕಾಂಪೆಸೀನೊಗೆ ‘ಪೆಸೆಂಟ್’ ಒಪ್ಪಿಲ್ಲ, ‘ಸ್ಮಾಲ್ ಫಾರ್ಮರ್’ ಎಂದಿದ್ದಾರೆ. ಅದಕ್ಕೆ ಹಸಿರು ಶಾಲು ಅಣ್ಣನವರ ಮಾತನ್ನೇ, ವಿಶ್ವಸಂಸ್ಥೆಯ ಘೋಷಣೆಯ ಹೆಸರಿನ ಸಮೇತ ಬರೆದು ಮತ್ತೆ ಕಳಿಸಿದ್ದೇನೆ.

ಒಂದು ಸಾಲು ಉಳಿದಿದೆ. 83ನೇ ಪುಟದಲ್ಲಿ ಮೆರವಣಿಗೆಯ ಚಿತ್ರವಿದೆ. ಫಲಕದ ಮೇಲೆ ‘ವೀವೊಸ್ ಸೆ ಲೊಸ್ ಯೆವಾರೊನ್, ವೀವೊಸ್ ಲೊಸ್ ಕೆರೇಮೊಸ್’. ಜೀವಂತ ಒಯ್ದರು, ಜೀವಂತವೇ ನಮಗೆ ಬೇಕು. ಇಂಗ್ಲಿಷಿನಲ್ಲಿ ‘ಅಲೈವ್’ ಎರಡೂ ಕಡೆ ಮೊದಲಿಗೇ ಬರುವಂತೆ ಮಾಡಲು ನಿನ್ನೆಯಿಂದ ಒದ್ದಾಡುತ್ತಿದ್ದೇನೆ.

ನೇರ ಮಾತು:

‘ಅಲೈವ್ ದೇ ಟುಕ್ ದೆಮ್, ಅಲೈವ್ ವಿ ವಾಂಟ್ ದೆಮ್.’ ಇಂಗ್ಲಿಷ್ ಸ್ವಲ್ಪ ಎಡವುತ್ತದೆ. ಎಡವಲಿ, ಅದು ಬೀದಿಯ ಕೂಗು. ಇದನ್ನು ತಿದ್ದಬೇಡಿ ಎಂದು ಪಕ್ಕದಲ್ಲಿ ಬರೆದು ಕಳಿಸಿ.